ಅರ್ಧ ಎಳೆದ ಎಲೆ

ಇಯಾವ್ ಹೋನ್, ಮಕಾವ್
೨೦ ಆಗಸ್ಟ್ ೨೦೧೫

ಮೆಂಗ್,

ಮಾರ್ಚ್ ತಿಂಗಳಲ್ಲಿ ನಿನ್ನ ಮೇಲೆ ದೂರು ಕೊಟ್ಟವನು ನಾನು. ಮೊದಲ ಸಾಲಿನಲ್ಲೇ ಬರೆದುಬಿಟ್ಟೆ, ಎರಡನೆಯದಕ್ಕೆ ಮುಂದೂಡಿದರೆ ಬರೆಯದೇ ಹೋಗುತ್ತೇನೆ. ಐದು ತಿಂಗಳಿಂದ ಹಾಗೆ ಮುಂದೂಡುತ್ತಲೇ ಬಂದಿದ್ದೇನೆ. ಫೋನಿನಲ್ಲಿ ನೀನು ನನ್ನನ್ನು ಬ್ಲಾಕ್ ಮಾಡಿದ್ದೀಯ. ಕಾಗದಕ್ಕೆ ಆ ಸೌಲಭ್ಯವಿಲ್ಲ. ಬೇಡವಾದರೆ ಹರಿಯಬೇಕು, ಹರಿಯಬೇಕಾದರೆ ಕೈಯಲ್ಲಿ ಹಿಡಿಯಲೇಬೇಕು. ಸೈಪಾನ್ ದ್ವೀಪದ ವಿಳಾಸವನ್ನು ನಿನ್ನ ಹಳೆಯ ಮನೆಯೊಡತಿ ಕೊಟ್ಟಳು.

ನಾನು ಕಂಡದ್ದು ಇಷ್ಟು. ಕ್ಯಾಸಿನೊದ ನಮ್ಮ ಕೋಣೆಯ ಐದನೆಯ ಮೇಜಿನಲ್ಲಿ ಇಸ್ಪೀಟು ಎಲೆ ಹಂಚುವ ನಿನ್ನ ಗಂಟೆ ಮುಗಿಯುತ್ತಿತ್ತು. ನಿನ್ನ ಜಾಗಕ್ಕೆ ಬರಬೇಕಾಗಿದ್ದ ನಾನು ಬೆನ್ನ ಹಿಂದೆ ನಿಂತಿದ್ದೆ. ನಾವು ಎಳೆಯುವ ಬ್ಯಾಂಕರ್ ಕಡೆ ಎಲೆಗಳ ಮೊತ್ತ ಮೂರು ಇತ್ತು. ಎದುರು ಪಕ್ಷದ ಮೂರನೆಯ ಎಲೆಯನ್ನು ಆ ಚಿನ್ನದ ಹಲ್ಲಿನ ಗಿರಾಕಿ ಮೂಲೆಯಿಂದ ಬಾಗಿಸಿ, ಊದಿ, ಬೆವರಿ, ಕೊನೆಗೆ ಮೇಜಿಗೆ ಬಡಿದು ತೋರಿಸಿದ. ಎಂಟು. ಬ್ಯಾಂಕರ್ ಮೂರಿದ್ದಾಗ ಎದುರಿಗೆ ಯಾವ ಎಲೆ ಬಂದರೂ ನಾವು ಇನ್ನೊಂದು ಎಳೆಯಬೇಕು, ಎಂಟು ಬಂದರೆ ಮಾತ್ರ ಎಳೆಯಬಾರದು. ಎಲೆ ಹಂಚುವವರೆಲ್ಲ ಒಮ್ಮೆಯಾದರೂ ಎಡವುವ ಜಾಗ ಅದು. ನಿನ್ನ ಬೆರಳು ಅಭ್ಯಾಸದಿಂದ ಪೆಟ್ಟಿಗೆಯ ಎಲೆಯನ್ನು ಅರ್ಧ ಎಳೆದಿತ್ತು. ತಕ್ಷಣ ತಿಳಿದು ಹೆಬ್ಬೆರಳಿನಿಂದ ಒಳಕ್ಕೆ ತಳ್ಳಿದೆ. ಗಿರಾಕಿಗಳು ಎಂಟನ್ನು ನೋಡಿ ಕೂಗಾಡುತ್ತಿದ್ದರು. ಆಟದ ಫಲ ಬದಲಾಗಲಿಲ್ಲ, ಯಾರಿಗೂ ಮೋಸವಾಗಲಿಲ್ಲ. ಆದರೆ ನಿಯಮದಂತೆ ನೀನು ಕೈಯೆತ್ತಿ ಮೇಲ್ವಿಚಾರಕರನ್ನು ಕರೆಯಬೇಕಿತ್ತು. ನೀನು ಕರೆಯದೆ, ಕೈ ಖಾಲಿಯೆಂದು ಅಂಗೈಗಳನ್ನು ಕ್ಯಾಮರಾಕ್ಕೆ ತೋರಿಸಿ, ನನ್ನತ್ತ ಕಣ್ಣು ಮಿಟುಕಿಸಿ ಹೋದೆ.

ಕಂಡದ್ದನ್ನು ಹೇಳಬೇಕು ಎಂಬುದು ಕಂಪನಿಯ ನಿಯಮ. ಹೇಳಬಾರದು ಎಂಬುದು ನಮ್ಮ ರೂಢಿ. ಅಂಥ ಹತ್ತಾರು ತಪ್ಪುಗಳನ್ನು ಕಂಡು ನಾನೂ ಸುಮ್ಮನಿದ್ದವನು. ಅವತ್ತು ನನ್ನ ಗಂಟೆ ಮುಗಿಸಿ ನೇರವಾಗಿ ಮ್ಯಾನೇಜರ್ ಸೌ ಅವರ ಕೋಣೆಗೆ ಹೋಗಿ ಹೇಳಿದೆ. ನಿನಗೆ ಆಗಲೇ ಆ ವರ್ಷದ ಎರಡು ತಪ್ಪು ದಾಖಲಾಗಿದ್ದವು, ಮೂರಾದರೆ ಬಡ್ತಿಯಿಲ್ಲ ಎಂಬುದು ನನಗೆ ಗೊತ್ತಿತ್ತು. ದೊಡ್ಡ ಕುಳಗಳು ಚೀನಾದಿಂದ ಬರುವುದು ನಿಂತು ನಮ್ಮ ಕೋಣೆಯ ಏಳು ಮೇಜುಗಳಲ್ಲಿ ನಾಲ್ಕಕ್ಕೆ ಬಟ್ಟೆ ಹೊದಿಸಿದ್ದರು. ಒಬ್ಬ ಮೇಲ್ವಿಚಾರಕನಿಗೆ ಮಾತ್ರ ಜಾಗ ಉಳಿದಿತ್ತು. ಅದು ನಿನ್ನದೆಂದು ಎಲ್ಲರ ಬಾಯಲ್ಲೂ ಇತ್ತು.

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹೇಳಿದ್ದು ಮಾತ್ರ ಹೊಟ್ಟೆಕಿಚ್ಚಿಗೆ. ನಿನ್ನ ಕೈ ನನ್ನದಕ್ಕಿಂತ ಚುರುಕು, ಗಿರಾಕಿಗಳು ನಿನ್ನ ಮೇಜು ಹುಡುಕಿಕೊಂಡು ಬರುತ್ತಿದ್ದರು. ಅದನ್ನು ಹೇಗೋ ನುಂಗಿದ್ದೆ. ಆದರೆ ನಮ್ಮ ಮನೆಯಲ್ಲಿ, ನಮ್ಮ ಮೇಜಿನಲ್ಲಿ, ನೀನು ದೊಡ್ಡಮ್ಮ ಎಂದು ಕರೆಯುವ ನನ್ನ ಅಮ್ಮ ಮೀನಿನ ಹೊಟ್ಟೆಯ ಭಾಗವನ್ನು ಏಳು ವರ್ಷ ನಿನ್ನ ಬಟ್ಟಲಿಗೆ ಹಾಕಿದಳು. ನನಗೆ ಬಾಲ. ನಗಬೇಡ. ಸೌ ಅವರ ಬಾಗಿಲು ತಟ್ಟುವಾಗ ನನ್ನ ತಲೆಯಲ್ಲಿದ್ದದ್ದು ಬಡ್ತಿಯಲ್ಲ, ಆ ಮೀನು.

ಮರುದಿನ ಬೆಳಗ್ಗೆ ಚಹಾ ಅಂಗಡಿಯಲ್ಲಿ ನೀನು ಕೇಳಿದೆ, "ಯಾರೋ ಅದು, ಹೇಳಿದ್ದು?" ನಾನು, "ಗೊತ್ತಿಲ್ಲ ಕಣೋ, ಕ್ಯಾಮರಾದವರಿರಬೇಕು" ಎಂದೆ. ಜೂನಿನಲ್ಲಿ ನೀನು ಕೆಲಸ ಬಿಟ್ಟು ಹೋದೆ. ಮೇಲ್ವಿಚಾರಕನ ಕೋಟು ನನಗೆ ಬಂತು. ತೋಳು ಸ್ವಲ್ಪ ಉದ್ದ.

ವೈ

*

ಸೈಪಾನ್
೨೮ ಸೆಪ್ಟೆಂಬರ್ ೨೦೧೫

ದೊಡ್ಡಮ್ಮನಿಗೆ ಮೆಂಗ್ ಮಾಡುವ ನಮಸ್ಕಾರ.

ನಿನ್ನೆ ಚಂದ್ರನ ಹಬ್ಬ. ಇಲ್ಲಿ ಚಂದ್ರ ಇದ್ದ, ಕಡುಬು ಇರಲಿಲ್ಲ. ಆಗಸ್ಟಿನ ಚಂಡಮಾರುತಕ್ಕೆ ಬಿದ್ದ ಕಂಬಗಳು ಇನ್ನೂ ಬಿದ್ದೇ ಇವೆ, ನಮ್ಮ ಬೀದಿಗೆ ಕರೆಂಟಿಲ್ಲ. ಹೊಸ ಕ್ಯಾಸಿನೊಗೆ ಮಾತ್ರ ಜನರೇಟರ್ ಇದೆ. ಊರೆಲ್ಲ ಕತ್ತಲೆಯಲ್ಲಿ ಕೂತಿದ್ದರೆ ನಾವು ಗೊಂಚಲು ದೀಪದ ಕೆಳಗೆ ಎಲೆ ಹಂಚುತ್ತೇವೆ, ನಾಚಿಕೆಯಾಗುತ್ತದೆ.

ನನ್ನ ಕೆಲಸ ಹೊಸಬರಿಗೆ ಕಲಿಸುವುದು. ಮೊದಲ ವಾರ ಜಾಗವಿಲ್ಲದೆ ನನ್ನ ಮನೆಯೊಡತಿ ತಾನ್ ಕಾರ್ಮೆನ್ ಅವರ ಅಂಗಳದಲ್ಲೇ ಪಾಠ ಮಾಡಿದೆ. ಅವರ ಕೋಳಿಯೊಂದು ದಿನಾ ಬಂದು ಮೇಜು ಹತ್ತಿ ಬ್ಯಾಂಕರ್ ಕಡೆ ಕೂರುತ್ತಿತ್ತು. ಓಡಿಸಿದರೆ ಕೊಕ್ಕೊಕ್ಕೋ ಎಂದು ಇಡೀ ಅಂಗಳ ಸುತ್ತಿ ಮತ್ತೆ ಬ್ಯಾಂಕರ್ ಕಡೆಗೇ. ಒಂದು ದಿನ ನಾವೆಲ್ಲ ಸೇರಿ ಲೆಕ್ಕ ಹಾಕಿದೆವು. ಹತ್ತರಲ್ಲಿ ಆರು ಸಲ ಕೋಳಿಯೇ ಗೆದ್ದಿತ್ತು. ಆಮೇಲೆ ಅದನ್ನು ಸಾರು ಮಾಡಲು ಯಾರಿಗೂ ಮನಸ್ಸಾಗಲಿಲ್ಲ.

ಇಲ್ಲಿಯ ಅನ್ನ ಕೆಂಪಗಿರುತ್ತದೆ, ಯಾವುದೋ ಬೀಜದ ಬಣ್ಣ. ಚೆನ್ನಾಗಿದೆ. ಆದರೆ ಬೆಳಗ್ಗೆ ಏಳುವಾಗ ನಿಮ್ಮ ಅಂಗಡಿಯ ಗಂಜಿಯ ವಾಸನೆ ಬಂದಂತಾಗುತ್ತದೆ, ಕಣ್ಣು ಬಿಟ್ಟರೆ ಸಮುದ್ರ. ನಿಮ್ಮ ಮಂಡಿ ಹೇಗಿದೆ? ದೊಡ್ಡ ಹಂಡೆಯನ್ನು ನೀವೇ ಎತ್ತಬೇಡಿ, ಎತ್ತುವವನು ಮನೆಯಲ್ಲಿದ್ದಾನೆ.

ಇದನ್ನು ನಿಮಗೆ ಓದಿ ಹೇಳುವವನು ಏನನ್ನೂ ಬಿಡದೆ ಓದಲಿ. ಏನನ್ನೂ ಸೇರಿಸದೆಯೂ ಓದಲಿ.

ನಿಮ್ಮ
ಮೆಂಗ್

*

ಇಯಾವ್ ಹೋನ್
೧೬ ಅಕ್ಟೋಬರ್ ೨೦೧೫

ಮೆಂಗ್,

ನನಗೆ ಉತ್ತರವಿಲ್ಲ, ಅಮ್ಮನಿಗೆ ಎರಡು ಪುಟ. ಅವಳಿಗೆ ಓದಲು ಬರುವುದಿಲ್ಲ, ಓದಬೇಕಾದವನು ನಾನೇ ಎಂಬುದು ನಿನಗೆ ಗೊತ್ತು. ಚೆನ್ನಾಗಿ ಯೋಚಿಸಿ ಹೊಡೆದಿದ್ದೀಯ.

ಬಿಡದೆ ಓದಿದೆ. ಸೇರಿಸಲಿಲ್ಲ. ಬೆಳಗಿನ ಗಿರಾಕಿಗಳು ಹೋದ ಮೇಲೆ ಅಂಗಡಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತು ಕೇಳಿದಳು. ಕೋಳಿಯ ಹತ್ತಿರ ಬಂದಾಗ ಸೌಟು ಕೆಳಗಿಟ್ಟು ನಕ್ಕಳು.

"ಅದನ್ನ ಇನ್ನೊಂದ್ಸಲ ಓದು."

ಓದಿದೆ.

"ಏನೋ ಇದು, ಕಂಪನಿ ನೋಟಿಸ್ ಓದ್ದಂಗೆ ಓದ್ತೀಯ. ಮೆಂಗ್ ಆಗಿದ್ರೆ ಕೋಳಿ ಥರಾನೇ ಕೂಗಿ ತೋರಿಸ್ತಿದ್ದ."

ನಾನೂ ಕೂಗಿದೆ. ನಿಜವಾಗಿಯೂ, ರಸ್ತೆಯಲ್ಲಿ, ಮೇಲ್ವಿಚಾರಕನ ಕೋಟು ಹಾಕಿಕೊಂಡು. ಅವಳು ಸೌಟು ಮತ್ತೆ ಎತ್ತಿಕೊಂಡು, "ಬಿಡು, ಕೆಲಸಕ್ಕೆ ಹೊತ್ತಾಯ್ತು ಹೋಗು" ಎಂದಳು. ನಿನ್ನ ಕಾಗದ ಈಗ ಅಪ್ಪನ ಫೋಟೋ ಹಿಂದೆ ಇದೆ. ನನ್ನ ಬಡ್ತಿಯ ಪತ್ರ ಅಕ್ಕಿ ಡಬ್ಬದ ಮೇಲೆ ಬಿದ್ದಿದೆ, ಅದರ ಮೇಲೆ ಯಾರೋ ಬಿಸಿ ಪಾತ್ರೆ ಇಟ್ಟ ಗುರುತಿದೆ.

ನಿನಗೆ ಸಂತೋಷವಾಗುವ ಸುದ್ದಿಯೊಂದಿದೆ. ನಮ್ಮ ಕೋಣೆಯನ್ನು ಹೋದ ವಾರ ಮುಚ್ಚಿದರು. ಉಳಿದ ಮೂರು ಮೇಜುಗಳಿಗೂ ಬಟ್ಟೆ ಬಿತ್ತು. ನನ್ನನ್ನು ಕೆಳಗಿನ ದೊಡ್ಡ ಹಜಾರಕ್ಕೆ ಹಾಕಿದ್ದಾರೆ. ಅಲ್ಲಿ ಗಿರಾಕಿಯಿಲ್ಲದ ಮೇಜಿನ ಹಿಂದೆ ಹುಡುಗರು ಎರಡೂ ಕೈಯನ್ನು ಬಟ್ಟೆಯ ಮೇಲೆ ಇಟ್ಟುಕೊಂಡು ಗಂಟೆಗಟ್ಟಲೆ ನಿಂತಿರುತ್ತಾರೆ, ಬರಲಾರದ ಯಾರಿಗೋ ಕಾಯುವಂತೆ. ಅವರು ಬಾಗದಂತೆ, ಆಕಳಿಸದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಿನ್ನಿಂದ ಕಿತ್ತುಕೊಂಡದ್ದು ಇದನ್ನೇ. ಕೈಗೆ ಬರುವ ಹೊತ್ತಿಗೆ ಅದು ಅಲ್ಲಿ ಇರಲೇ ಇಲ್ಲ.

ನನಗೆ ಒಂದು ಕಡೆ ನಿಲ್ಲಲಾಗುವುದಿಲ್ಲ, ನಿನಗೆ ಗೊತ್ತಲ್ಲ. ಎಂಟು ಗಂಟೆ ಅತ್ತಿಂದಿತ್ತ ನಡೆಯುತ್ತೇನೆ. ನೀನು ಸಮುದ್ರ ನೋಡುತ್ತ ಏಳುತ್ತೀಯ ಎಂದು ನೆನಪಾದಾಗ ಇನ್ನೂ ಜೋರಾಗಿ ನಡೆಯುತ್ತೇನೆ.

ಅಮ್ಮ ನಿನ್ನೆಯೂ ಕೇಳಿದಳು, "ಅಷ್ಟು ಒಳ್ಳೆ ಹುಡುಗನ ಮೇಲೆ ಯಾರು ಹೇಳಿದ್ರೋ?" ನಾನು ಈರುಳ್ಳಿ ಸೊಪ್ಪು ಹೆಚ್ಚುತ್ತಿದ್ದೆ, ಹೆಚ್ಚುತ್ತಲೇ ಇದ್ದೆ. ಅವಳಿಗೆ ಇನ್ನೂ ಹೇಳಿಲ್ಲ. ಸುಳ್ಳು ಹೇಳಿಲ್ಲ, ಆದರೆ ಸುಮ್ಮನಿರುವುದನ್ನು ಕಲಿತುಬಿಟ್ಟಿದ್ದೇನೆ.

ವೈ

*

ಇಯಾವ್ ಹೋನ್
೨೨ ನವೆಂಬರ್ ೨೦೧೫

ಮೆಂಗ್ ಮಗನೇ,

ನಾನು ಹೇಳಿದ್ದನ್ನ ಹೇಳಿದ ಹಾಗೇ ಬರಿ ಅಂತ ವೈಗೆ ಹೇಳಿದೀನಿ. ಅವನು ಸರಿ ಮಾಡೋಕೆ ಬರ್ತಾನೆ, ಮಾಡಬೇಡ ಅಂದಿದೀನಿ.

ನಿನ್ನ ಕಾಗದ ಬಂತು. ಮಂಡಿ ಹಾಗೇ ಇದೆ, ಕತ್ತರಿಸಿ ಬಿಸಾಕೋಕಾಗತ್ತಾ, ಜೊತೇಲೇ ಇರ್ಲಿ. ವ್ಯಾಪಾರ ಕಮ್ಮಿ. ಮುಂಚೆ ಬೆಳಗ್ಗೆ ಪಾಳಿ ಮುಗಿಸಿ ಬರೋ ಹುಡುಗ್ರು ಎರಡೆರಡು ಬಟ್ಟಲು ತಿಂತಿದ್ರು. ಈಗ ಒಂದು ಬಟ್ಟಲು ಹೇಳಿ ಇಬ್ರು ಕೂತ್ಕೋತಾರೆ. ಕಂಪನಿ ಅವ್ರನ್ನ ಸಂಬಳ ಇಲ್ದೆ ರಜೆ ಮೇಲೆ ಕಳಿಸ್ತಿದೆಯಂತೆ. ನಾನು ಸ್ವಲ್ಪ ಜಾಸ್ತಿ ಸುರೀತೀನಿ, ನೋಡ್ದಂಗೆ ಇರ್ತಾರೆ.

ಒಣಗಿಸಿದ ಮೀನು ಕಳಿಸ್ತಿದೀನಿ. ಪೋಸ್ಟಾಫೀಸಿನವನು ವಾಸನೆ ಅಂದ. ಮೂರು ಪ್ಲಾಸ್ಟಿಕ್ ಸುತ್ತಿದೀನಿ.

ಇನ್ನೊಂದು ಮಾತು. ನಿನ್ನ ಮೇಲೆ ಚಾಡಿ ಹೇಳಿದವನು ಯಾರು ಅಂತ ನಂಗೆ ಗೊತ್ತಾದ್ರೆ, ಒಲೆ ಮೇಲಿನ ಗಂಜಿ ತಗೊಂಡು ಅವನ ಮುಖಕ್ಕೆ ಎರಚ್ತೀನಿ. ಇದನ್ನೂ ಬರಿ. ಬರ್ದ್ಯಾ?

ಮೆಂಗ್, ಇಲ್ಲಿಂದ ನಾನು ವೈ ಬರೆಯುತ್ತಿದ್ದೇನೆ. ಮೇಲಿನ ಸಾಲು ಬರೆದೆ. ಬರೆದು ಪೆನ್ನು ಕೆಳಗಿಟ್ಟು, "ಅಮ್ಮ, ಅದು ನಾನು" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಮೀನು, ಕೋಟು, ಸೌ ಅವರ ಕೋಣೆ, ಎಲ್ಲವನ್ನೂ ಹೇಳಿದೆ. ಅವಳು ಕಾಗದವನ್ನು ತನ್ನತ್ತ ಎಳೆದುಕೊಂಡು ನೋಡಿದಳು, ತಾನು ಓದಬಲ್ಲೆ ಎಂಬಂತೆ.

"ಇದನ್ನ ಬರ್ದ್ಯಾ?"

"ಇನ್ನೂ ಇಲ್ಲ."

"ಬರಿ."

ಅದಕ್ಕೇ ಬರೆದಿದ್ದೇನೆ. ಆಮೇಲೆ ಅವಳು ಎದ್ದು ಹೋಗಿ, ತೊಳೆದಿಟ್ಟಿದ್ದ ಹಂಡೆಯನ್ನು ಮತ್ತೆ ತೊಳೆದಳು. ಸಹಾಯಕ್ಕೆ ಹೋದರೆ ಭುಜದಿಂದ ತಳ್ಳಿದಳು. ಅವತ್ತು ನಾವು ಊಟ ಬೇರೆ ಬೇರೆ ಮಾಡಿದೆವು. ಮುಂದಿನದನ್ನು ಇವತ್ತು, ನಾಲ್ಕು ದಿನವಾದ ಮೇಲೆ ಹೇಳಿ ಬರೆಸುತ್ತಿದ್ದಾಳೆ.

ಮೆಂಗ್, ಗಂಜಿ ಎರಚ್ತೀನಿ ಅಂದಿದ್ದನ್ನ ಹೊಡೆದು ಹಾಕಬೇಡ ಅಂದಿದೀನಿ. ಅಂದಿದ್ದು ಅಂದಿದ್ದೇ. ಎರಚೋಕೆ ಕೈ ಬರಲ್ಲ, ನನ್ನ ಹೊಟ್ಟೇಲಿ ಹುಟ್ಟಿದವನು. ನಿನ್ನ ಹತ್ರ ಕ್ಷಮೆ ಕೇಳೋದು ಅವನ ಕೆಲಸ, ಅವನ ಪರವಾಗಿ ನಾನು ಕೇಳಲ್ಲ. ನೀನು ಅವನನ್ನ ಕ್ಷಮಿಸು ಅಂತಾನೂ ಹೇಳಲ್ಲ. ನಂಗೆ ಹೇಳೋಕೆ ಯಾವ ಮುಖ ಇದೆ. ಹೊಟ್ಟೆ ತುಂಬಾ ಊಟ ಮಾಡ್ತಿದೀಯಾ, ಅಷ್ಟು ಮಾತ್ರ ತಿಳಿಸು.

ದೊಡ್ಡಮ್ಮ

*

ಸೈಪಾನ್
೨೦ ಡಿಸೆಂಬರ್ ೨೦೧೫

ವೈ,

ಇದು ನಿನಗೆ. ನಿನ್ನ ಕಾಗದಗಳನ್ನು ಹರಿದಿಲ್ಲ.

ದೂರು ಕೊಟ್ಟವನು ನೀನೆಂದು ನನಗೆ ಅವತ್ತೇ ಗೊತ್ತಿತ್ತು. ನನ್ನ ಹಿಂದೆ ನಿಂತಿದ್ದವನು ನೀನೊಬ್ಬನೇ, ನನ್ನ ಹೆಬ್ಬೆರಳು ಕಂಡವನು ಇನ್ಯಾರು? ಗೊತ್ತಿದ್ದೇ ಚಹಾ ಅಂಗಡಿಯಲ್ಲಿ ಕೇಳಿದೆ. ನೀನು ಹೇಳುತ್ತೀಯ ಅಂದುಕೊಂಡಿದ್ದೆ. ಶಾಲೆಯಲ್ಲಿ ನಾವಿಬ್ಬರೂ ನಕಲು ಮಾಡಿದಾಗ ಮಾಸ್ತರರು ಇನ್ನೂ ಕೇಳುವ ಮೊದಲೇ ನೀನು ಎದ್ದು ನಿಂತು, "ನಾನೂ ಮೆಂಗೂ" ಎಂದಿದ್ದೆ. ಇಬ್ಬರನ್ನೂ ಹೊರಗೆ ಹಾಕಿದರು. ನನ್ನ ಓದು ಹೋಯಿತು, ಆದರೂ ನಿನ್ನ ಮೇಲೆ ಸಿಟ್ಟು ಬರಲಿಲ್ಲ. ಇವನ ಬಾಯಲ್ಲಿ ಸುಳ್ಳು ಬರಲ್ಲ ಎಂಬ ಒಂದು ಸಂಗತಿಗೆ, ಗೋಡೆಗೆ ಒರಗುವಂತೆ, ಒರಗಿಕೊಂಡು ಬದುಕಿದ್ದೆ. ದೂರಿಗೆ ಒಂದು ವಾರ ಸಿಟ್ಟಿತ್ತು, ತಪ್ಪು ನನ್ನದೇ, ಕೈಯೆತ್ತಬೇಕಿತ್ತು. "ಗೊತ್ತಿಲ್ಲ ಕಣೋ" ಎಂದೆಯಲ್ಲ, ಅದರ ಸಿಟ್ಟು ಇನ್ನೂ ಹೋಗಿಲ್ಲ.

ಮೀನಿನ ಬಗ್ಗೆ ಬರೆದಿದ್ದೀಯ. ನೀನು ದಡ್ಡ. ಹೊಟ್ಟೆಯ ಭಾಗ ಹೊರಗಿನ ಅತಿಥಿಗೆ ಹಾಕುವುದು. ಏಳು ವರ್ಷ ದೊಡ್ಡಮ್ಮ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಒಮ್ಮೆ ಬೈಸಿಕೊಳ್ಳಬೇಕೆಂದೇ ನೀಲಿ ಬಟ್ಟಲನ್ನು ಕೈಬಿಟ್ಟೆ. "ಪರವಾಗಿಲ್ಲಪ್ಪಾ, ಕಾಲಿಗೆ ಚುಚ್ಚಿಲ್ಲ ತಾನೆ" ಎಂದರು. ನೀನು ಚಮಚ ಬೀಳಿಸಿದರೆ ಇಡೀ ಬೀದಿಗೆ ಕೇಳುವ ಹಾಗೆ ಬೈಯುತ್ತಿದ್ದರು. ನಾನು ನಿನ್ನ ಪಕ್ಕ ಕೂತು ಹೊಟ್ಟೆಯ ಭಾಗ ತಿನ್ನುತ್ತ ಆ ಬೈಗುಳಕ್ಕೆ ಆಸೆಪಡುತ್ತಿದ್ದೆ. ನನ್ನ ಅಮ್ಮ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ ಎಂಬುದು ನಿನಗೆ ಗೊತ್ತು.

ಫೆಬ್ರುವರಿಯಲ್ಲಿ ಬರುವ ನಮ್ಮ ಹೊಸ ವರ್ಷಕ್ಕೆ ದೊಡ್ಡಮ್ಮನನ್ನು ಇಲ್ಲಿಗೆ ಕಳಿಸು. ಟಿಕೆಟ್ಟು ಇದರ ಜೊತೆ ಇದೆ, ಹಾಂಗ್‌ಕಾಂಗ್‌ನಿಂದ ನೇರ ವಿಮಾನ, ಒಂದೇ ಟಿಕೆಟ್ಟು. ನೀನು ಬರಬೇಡ. ಎಂದಾದರೂ ಕರೆಯುತ್ತೇನೆ. ಕರೆಯದೆಯೂ ಇರಬಹುದು, ಈಗಲೇ ಗೊತ್ತಾಗುತ್ತಿಲ್ಲ. ಗೊತ್ತಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಮೆಂಗ್

*

ಇಯಾವ್ ಹೋನ್
೨ ಫೆಬ್ರುವರಿ ೨೦೧೬

ಮೆಂಗ್,

ಈ ಕಾಗದ ಅಮ್ಮನ ಕೈಯಲ್ಲೇ ಬರುತ್ತದೆ. ಮೊದಲು ಹೇಳಬೇಕಾದ್ದು: ನಿನ್ನ ಲಕೋಟೆಯನ್ನು ಹನ್ನೊಂದು ದಿನ ನನ್ನ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದೆ. ಅವಳಿಗೆ ಓದಲು ಬರುವುದಿಲ್ಲ. ಟಿಕೆಟ್ಟು ಬಂದಿದೆ ಎಂದು ಹೇಳುವವರು ಜಗತ್ತಿನಲ್ಲಿ ನಾನೊಬ್ಬನೇ. ಹಬ್ಬ ಮುಗಿಯುವವರೆಗೆ ಸುಮ್ಮನಿದ್ದರೆ ಸಾಕಿತ್ತು, ಅಂಚೆ ತಡವಾಯಿತು ಎಂದರೆ ಯಾರೂ ಕೇಳುತ್ತಿರಲಿಲ್ಲ. ಹನ್ನೊಂದು ದಿನವೂ ಅದನ್ನೇ ಮಾಡುವವನಿದ್ದೆ. ಅವಳನ್ನು ನಾನು ಒಮ್ಮೆಯೂ ವಿಮಾನ ಹತ್ತಿಸಿಲ್ಲ, ನೀನು ಹತ್ತಿಸುತ್ತೀಯ. ಮನೆಯವರೆಲ್ಲ ಒಟ್ಟಿಗೆ ಮಾಡುವ ಹಬ್ಬದ ಹಿಂದಿನ ದಿನದ ಊಟಕ್ಕೆ ಅವಳು ನಿನ್ನೆದುರು ಕೂರುತ್ತಾಳೆ. ನಾನು ಆ ಹೊತ್ತಿಗೆ ಹಜಾರದಲ್ಲಿರುತ್ತೇನೆ, ವರ್ಷದಲ್ಲಿ ಆ ಒಂದು ವಾರವಾದರೂ ಮೇಜುಗಳು ತುಂಬುತ್ತವೆ ಎಂದು ಕಂಪನಿ ಒಬ್ಬರಿಗೂ ರಜೆ ಕೊಟ್ಟಿಲ್ಲ.

ಹನ್ನೆರಡನೆಯ ದಿನ ಅವಳಿಗೆ ಓದಿ ಹೇಳಿದೆ. ನಿನ್ನ ಕಾಗದವನ್ನು ಪೂರ್ತಿ ಓದಿದೆ, ಬಟ್ಟಲಿನ ಭಾಗವನ್ನೂ. ಹನ್ನೊಂದು ದಿನ ಬಚ್ಚಿಟ್ಟದ್ದನ್ನೂ ಹೇಳಿದೆ.

"ನೀಲಿ ಬಟ್ಟಲು," ಎಂದಳು. "ಬೇಕಂತಾನೇ ಒಡೆದಿದ್ನಾ?"

"ಹೂಂ."

"ಕತ್ತೆ. ಅದು ನನ್ನ ತವರಿನ ಬಟ್ಟಲು ಕಣೋ. ಎಷ್ಟು ಹೊಟ್ಟೆ ಉರೀತು ಗೊತ್ತಾ ನಂಗೆ. ಬೇರೆಯವ್ರ ಮಗ ಅಂತ ನುಂಗ್ಕೊಂಡೆ."

ಆಮೇಲೆ ಹೋಗುವುದಿಲ್ಲ ಎಂದು ಹಟ ಹಿಡಿದಳು. "ಅಂಗಡಿ ಯಾರು ನೋಡ್ತಾರೆ? ವಿಮಾನದಲ್ಲಿ ಕಿವಿ ನೋಯತ್ತಂತೆ. ಹಬ್ಬದ ದಿನ ನೀನೇನು ತಿಂತೀಯ?"

"ಕ್ಯಾಂಟೀನಲ್ಲಿ ಇರತ್ತಮ್ಮ."

"ಕ್ಯಾಂಟೀನಲ್ಲಿ ನಿನ್ನ ಜೊತೆ ಯಾರು ಕೂರ್ತಾರೆ?"

ಯಾರೂ ಕೂರುವುದಿಲ್ಲ, ಅದೂ ಅವಳಿಗೆ ಗೊತ್ತಾಗಿದೆ. ಡಿಸೆಂಬರಿನಲ್ಲಿ ನಾನು ಸೌ ಅವರ ಬಳಿ ಹೋಗಿ, ಹೊಟ್ಟೆಕಿಚ್ಚಿಗೆ ಹೇಳಿದ್ದು, ಆ ಮೂರನೆಯ ತಪ್ಪನ್ನು ಅಳಿಸಿ ಎಂದು ಕೇಳಿದೆ. ಅವರು ತಲೆಯೆತ್ತದೆ, "ತಪ್ಪಾಗಿದ್ದು ನಿಜ ತಾನೆ? ಹೋಗಯ್ಯಾ, ಇಲ್ಲಿ ಜನರನ್ನ ಕಮ್ಮಿ ಮಾಡೋದು ಹೇಗೆ ಅಂತ ನೋಡ್ತಿದೀನಿ, ನೀನು ಸೇರಿಸೋಕೆ ಬಂದಿದೀಯಾ?" ಎಂದರು. ಅಳಿಸಲಿಲ್ಲ. ಹಾಗಾಗಿ ನಮ್ಮ ಹಳೆಯ ಕೋಣೆಯವರಿಗೆಲ್ಲ ನಾನೇ ಹೇಳಿದೆ, ಒಬ್ಬೊಬ್ಬರಿಗೆ. ಈಗ ನಾನು ತಟ್ಟೆ ತಂದು ಕೂತರೆ ಅವರ ಊಟ ಬೇಗ ಮುಗಿಯುತ್ತದೆ. ಸರಿಯೇ ಅದು, ಅವರ ಜಾಗದಲ್ಲಿದ್ದರೆ ನಾನೂ ಏಳುತ್ತಿದ್ದೆ.

ಕೊನೆಗೆ ಅವಳನ್ನು ಒಪ್ಪಿಸಿದವನು ನಾನು. ಅವಳು ಹೋಗುವುದು ನನಗೆ ಎಳ್ಳಷ್ಟೂ ಇಷ್ಟವಿಲ್ಲ. ಹೋಗು ಎಂದು ಹೇಳುವಾಗಲೂ ಇಷ್ಟವಿರಲಿಲ್ಲ, ಈಗ ಅವಳ ಚೀಲದ ಜಿಪ್ಪು ಹಾಕುತ್ತಿರುವಾಗಲೂ ಇಲ್ಲ. ನಿನ್ನ ಮೇಲಿನ ಹೊಟ್ಟೆಕಿಚ್ಚು ಹೋಗಿದೆ ಎಂದು ತಿಳಿಯಬೇಡ. ಕಾಗದದಲ್ಲಿ ಒಪ್ಪಿಕೊಂಡರೆ ಹೋಗುತ್ತದೆ ಎಂದುಕೊಂಡಿದ್ದೆ, ಹೋಗಲಿಲ್ಲ. ಅದು ಹೇಳಿದ್ದಕ್ಕೆಲ್ಲ ನಾನು ಬಾಗಿಲು ತಟ್ಟಲು ಹೋಗುವುದಿಲ್ಲ, ಇಷ್ಟು ಮಾತ್ರ ಬದಲಾಗಿದೆ.

ನಿನಗೆ ಗೊತ್ತಿರುವುದೇ ಆದರೂ ಹೇಳುತ್ತೇನೆ, ಅವಳು ದನದ ಮಾಂಸ ತಿನ್ನುವುದಿಲ್ಲ, ಗ್ವಾನ್ ಯಿನ್ ದೇವಿಗೆ ಹರಕೆ. ಮೆಟ್ಟಿಲಿದ್ದರೆ ಎಡಗಡೆಯಿಂದ ಕೈ ಕೊಡು, ಎಡಮಂಡಿ ಮೊದಲು ಸೋಲುತ್ತದೆ. ಹೆದರಿಕೆಯಾದರೆ ಹೇಳುವುದಿಲ್ಲ, ಬೇರೆ ಯಾವುದರ ಮೇಲೋ ಸಿಡುಕುತ್ತಾಳೆ. ಹದಿನೈದು ದಿನಕ್ಕೆಂದು ಟಿಕೆಟ್ಟಿದೆ. ಅವಳಿಗೆ ಅಲ್ಲಿ ಹಿಡಿಸಿದರೂ ಹೆಚ್ಚು ದಿನ ಇರಿಸಿಕೊಳ್ಳಬೇಡ, ಕಳಿಸು. ನನ್ನನ್ನು ಕರೆಯುವುದು ಬಿಡುವುದು ನಿನಗೆ ಸೇರಿದ್ದು, ಇದಂತೂ ನನ್ನದು.

ಪಾಸ್‌ಪೋರ್ಟು ಅವಳ ಒಳಲಂಗದ ಜೇಬಿನಲ್ಲಿದೆ. ಅಂಗಡಿಗೆ ಬೀಗ ಹಾಕಿದ್ದೇವೆ. ನಾಳೆ ಬೆಳಗ್ಗೆ ಎಂಟೂವರೆಯ ಹಾಂಗ್‌ಕಾಂಗ್ ಫೆರಿಗೆ ಅಮ್ಮ ಹೊರಡುತ್ತಾಳೆ.

ವೈ